ಕ್ಯಾನ್ಸಲ್ ಇಲ್ಲದ ಛತ್ರ

ನನ್ನ ಎಡಗೈಗೆ ಒಂದು ಚಾಳಿಯಿದೆ. ಏನಾದರೂ ಟೈಪು ಮಾಡುತ್ತ ಕೂತರೆ, ಸಾಲು ಮುಗಿಯುವ ಹೊತ್ತಿಗೆ ಅದು ತಾನಾಗಿ ಮೇಲೆದ್ದು ಕಂಪ್ಯೂಟರಿನ ಪಕ್ಕದ ಗಾಳಿಯನ್ನು ಬಲಕ್ಕೆ ತಳ್ಳುತ್ತದೆ. ಅಲ್ಲಿ ತಳ್ಳುವಂಥದ್ದೇನೂ ಇರುವುದಿಲ್ಲ. ಬಹಳವೆಂದರೆ ಒಂದು ಕಾಫಿ ಲೋಟ ಇರುತ್ತದೆ. ಹಾಗೆ ನಾನು ಚೆಲ್ಲಿದ ಕಾಫಿಯನ್ನೆಲ್ಲ ಸೇರಿಸಿದ್ದರೆ ಒಂದು ಸಣ್ಣ ನಾಮಕರಣಕ್ಕೆ ಬಡಿಸಬಹುದಿತ್ತು ಎಂದು ನಮ್ಮ ಮನೆಯವರು ಹೇಳುತ್ತಾರೆ. ಅವರದು ಸ್ವಲ್ಪ ಉತ್ಪ್ರೇಕ್ಷೆಯ ಸ್ವಭಾವ.

ಚಾಳಿ ಹತ್ತಿದ್ದು ಟೈಪ್‌ರೈಟರಿನಿಂದ. ಈಗಿನವರಿಗೆ ಬಿಡಿಸಿ ಹೇಳಬೇಕು: ಆ ಯಂತ್ರದಲ್ಲಿ ಸಾಲು ಮುಗಿಯಲು ಇನ್ನು ನಾಲ್ಕಾರು ಅಕ್ಷರಗಳಿವೆ ಎನ್ನುವಾಗ ಟಿಂಗ್ ಎಂದು ಗಂಟೆ ಹೊಡೆಯುತ್ತದೆ. ಹೊಡೆದ ಕೂಡಲೇ ಕೈಯಲ್ಲಿರುವ ಪದವನ್ನು ಮುಗಿಸಿ, ಎಡಗಡೆಯ ಹಿಡಿಕೆಯನ್ನು ತಳ್ಳಿ, ಕಾಗದವನ್ನು ಹೊಸ ಸಾಲಿಗೆ ತರಬೇಕು. ಬನಶಂಕರಿಯ ಒಂದು ಮಹಡಿ ಕೋಣೆಯಲ್ಲಿ ನಾನು ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆಳಗಾದರೆ ಈ ಗಂಟೆಗಳು ಒಂದಾದ ಮೇಲೊಂದು ಹೊಡೆಯುತ್ತಿದ್ದವು. ಕೆಳಗಿನ ಮನೆಯವರು ಪೂಜೆಗೆ ಬೇರೆ ಗಂಟೆ ಬಾರಿಸುವುದನ್ನೇ ಬಿಟ್ಟಿದ್ದಾರೆ ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಅದು ನನ್ನ ಉತ್ಪ್ರೇಕ್ಷೆ. ಒಂದೇ ಮನೆಯಲ್ಲಿದ್ದರೆ ಗುಣ ಅಂಟಿಕೊಳ್ಳುತ್ತದೆ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಆ ಗಂಟೆಗಳು ಕಡಿಮೆಯಾಗತೊಡಗಿದವು. ಮಗಳನ್ನು ಸೇರಿಸಲೆಂದು ಬಂದ ತಾಯಂದಿರು ಬಾಗಿಲಲ್ಲೇ ನಿಂತು ಟೈಪ್‌ರೈಟರುಗಳ ಕಡೆ ಒಮ್ಮೆ ನೋಡಿ, "ಕಂಪ್ಯೂಟರ್ ಇಲ್ವಾ ಮೇಡಂ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಚಪ್ಪಲಿ ಬಿಡದೆಯೇ ಹಿಂದಿರುಗುತ್ತಿದ್ದರು. ಬೆಳಗಿನ ಬ್ಯಾಚೂ ಸಂಜೆಯ ಬ್ಯಾಚೂ ಸೇರಿ ಒಂದಾಯಿತು. ಆಮೇಲೆ ಆ ಒಂದರಲ್ಲೂ ಕುರ್ಚಿಗಳು ಖಾಲಿ ಉಳಿದವು. ನಾನು ಖಾಲಿ ಕುರ್ಚಿಯ ಮುಂದಿನ ಯಂತ್ರಕ್ಕೂ ದಿನಾ ಎಣ್ಣೆ ಹಾಕಿ ಒರೆಸುತ್ತಿದ್ದೆ. ಬೇರೆ ಮಾಡುವುದಕ್ಕೇನೂ ಇರಲಿಲ್ಲ.

ಆ ಕಟ್ಟಡ ಮುನಿರಾಜಪ್ಪನವರದು. ಅವರು ಮೂಲತಃ ಉತ್ತರಹಳ್ಳಿಯವರು. ಅವರ ರಾಗಿ ಹೊಲಗಳೆಲ್ಲ ಲೇಔಟುಗಳಾಗಿ ಬಹಳ ಕಾಲವಾಗಿದ್ದರೂ ಬೆಳಿಗ್ಗೆ ಎದ್ದು ಮೋಡ ನೋಡುವ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಈ ಕಟ್ಟಡವಲ್ಲದೆ ಉತ್ತರಹಳ್ಳಿ ರಸ್ತೆಯಲ್ಲಿ ಅವರದೊಂದು ಮದುವೆ ಛತ್ರವಿತ್ತು. ಛತ್ರ ಕಟ್ಟಿಸಿದವರು ಮುನಿರಾಜಪ್ಪ, ಅದಕ್ಕೆ ಫೋನ್ ಬಂದರೆ ಎತ್ತಿ ಮಾತಾಡಿ ದಿನ ಗೊತ್ತು ಮಾಡುತ್ತಿದ್ದವರು ಅವರ ಹೆಂಡತಿ ಜಯಮ್ಮ. ಒಂದು ಬೆಳಿಗ್ಗೆ ಮುನಿರಾಜಪ್ಪನವರು ಮಹಡಿ ಹತ್ತಿ ಬಂದು, ಟೈಪ್‌ರೈಟರುಗಳ ಮುಂದಿನ ಸ್ಟೂಲಿನ ಮೇಲೆ ಕೂತು, ಪಂಚೆ ಸರಿಮಾಡಿಕೊಂಡರು.

"ಟೀಚರಮ್ಮ, ಸೈಬರ್ ಕೆಫೆಯೋರು ಬಂದಿದ್ರು, ಈ ರೂಮ್ ಕೇಳ್ಕೊಂಡು. ನಾನಿನ್ನೂ ಏನೂ ಹೇಳಿಲ್ಲ. ನೀವೂ ಕಂಪ್ಯೂಟರ್ ಹೇಳ್ಕೊಡಂಗಿದ್ರೆ ನೀವೇ ಇರಿ. ಬರೀ ಟೈಪಿಂಗ್ ಅಂದ್ರೆ ಇನ್ನೆಷ್ಟ್ ದಿನ ನಡೀತದೆ, ನೀವೇ ಹೇಳಿ."

"ಕಲ್ತು ಹೇಳ್ಕೊಡ್ತೀನಿ ಮುನಿರಾಜಪ್ಪನೋರೇ," ಎಂದೆ. ಅದನ್ನು ಹೇಳಿದ್ದು ಬಾಯಿ, ತಲೆಯನ್ನು ಕೇಳಿರಲಿಲ್ಲ.

"ಕಲ್ತ್ರಿ ಅಂತ ನಮಗೆಂಗ್ ಗೊತ್ತಾಗ್ಬೇಕು? ಒಂದ್ ಕೆಲ್ಸ ಮಾಡಿ. ನಮ್ ಛತ್ರನ ಇಂಟರ್ನೆಟ್ನಾಗೆ ಹಾಕ್ಕೊಡಿ. ಆಯುಧ ಪೂಜೆ ಹೊತ್ಗೆ ಆಗ್ಲಿ. ನೋಡನ."

ಇಷ್ಟನ್ನು ಅವರು ಎಷ್ಟು ಮೃದುವಾಗಿ ಹೇಳಿದರೆಂದರೆ, ಅವರು ಮೆಟ್ಟಿಲಿಳಿದು ಹೋದ ಮೇಲೆಯೇ ನನಗೆ ಅದು ಕೋಣೆ ಬಿಡಿಸುವ ಮಾತೂ ಹೌದೆಂದು ಹೊಳೆದದ್ದು. ಆ ಕೋಣೆ ನನಗೆ ಬರೀ ಕೋಣೆಯಾಗಿರಲಿಲ್ಲ. ಮನೆಯಲ್ಲಿ ನಾನು ಅಮ್ಮ, ಅತ್ತಿಗೆ, "ಲೇ ಇವಳೇ". ಆ ಬಾಗಿಲ ಬೀಗ ತೆಗೆದು ಒಳಗೆ ಕಾಲಿಟ್ಟರೆ ಮಾತ್ರ ಟೀಚರು. ಆ ಬೀಗದ ಕೈ ಹಿಂದಿರುಗಿಸಿದ ಮೇಲೆ ನನ್ನನ್ನು ಯಾರು ಏನೆಂದು ಕರೆಯುತ್ತಾರೆ?

ಹಾಗಾಗಿ ನಲವತ್ತು ದಾಟಿದ ನಾನು ಜಯನಗರ ನಾಲ್ಕನೇ ಬ್ಲಾಕಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಕ್ಲಾಸು ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿತ್ತು. ಸಾಂಬಾರಿಗೆ ಒಗ್ಗರಣೆ ಬಿದ್ದಾಗಲೆಲ್ಲ ನಮ್ಮ ವಿದ್ಯೆಗೂ ಅದರ ಘಾಟು ತಗಲುತ್ತಿತ್ತು. ಜೊತೆಯಲ್ಲಿ ಕಲಿಯುತ್ತಿದ್ದವರೆಲ್ಲ ಕಾಲೇಜು ಮಕ್ಕಳು; ಮೊದಲ ದಿನ ನನ್ನನ್ನು ನೋಡಿ ಯಾರದೋ ತಾಯಿ ಫೀಸು ಕಟ್ಟಲು ಬಂದಿದ್ದಾರೆಂದು ತಿಳಿದು ಕೌಂಟರಿನ ಕಡೆ ಕೈ ತೋರಿಸಿದರು. ಪಾಠ ಹೇಳುತ್ತಿದ್ದವರು ಈರಣ್ಣ ಎಂಬ ಮೇಷ್ಟ್ರು. ಬಾಗಲಕೋಟೆ ಕಡೆಯವರು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದರು. ವಯಸ್ಸು ನನ್ನದರ ಅರ್ಧ. ನಾನು ಅವರನ್ನು ಸಾರ್ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಎತ್ತರದಲ್ಲಿ ಕೂರಿಸಿಕೊಂಡಿದ್ದರಿಂದ ಬೈಗುಳಕ್ಕೆ ಅವಕಾಶವೇ ಇರಲಿಲ್ಲ.

ಇಂಟರ್ನೆಟ್ಟಿನ ಪುಟ ಕಟ್ಟುವ ಮೊದಲ ಪಾಠಗಳು ಸುಲಭವಾಗಿ ತಲೆಗೆ ಹತ್ತಿದವು. ಶೀರ್ಷಿಕೆ ಎಲ್ಲಿ, ಚಿತ್ರ ಎಲ್ಲಿ, ಯಾವುದು ದಪ್ಪ ಅಕ್ಷರ ಎಂಬುದೆಲ್ಲ ಟೈಪಿಂಗಿನವಳಾದ ನನಗೆ ಹೊಸದೇನಲ್ಲ. ಕಷ್ಟ ಶುರುವಾಗಿದ್ದು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಬಂದಾಗ. ಅದುವರೆಗೆ ಪುಟ ಎಂದರೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಾಗೆ ಸುಮ್ಮನೆ ಇರುತ್ತಿತ್ತು. ಈ ಸ್ಕ್ರಿಪ್ಟನ್ನು ಒಳಗೆ ಸೇರಿಸಿದರೆ ಅದು ಮಾತಿಗೆ ಮಾತು ಕೊಡುತ್ತದೆ: ಮುಟ್ಟಿದರೆ ಬಣ್ಣ ಬದಲಿಸುತ್ತದೆ, ಒತ್ತಿದರೆ ಪ್ರಶ್ನೆ ಕೇಳುತ್ತದೆ, ತಪ್ಪು ಬರೆದರೆ ತಿದ್ದಿಕೋ ಎನ್ನುತ್ತದೆ. ಇದಕ್ಕೆ ಬೇಕಾದ ಸಾಮಾನು ಎಂದರೆ ಒಂದು ನೋಟ್‌ಪ್ಯಾಡು, ಒಂದು ಬ್ರೌಸರು, ಮತ್ತು ಮಾನ ಅವಮಾನಗಳ ಬಗ್ಗೆ ಸ್ವಲ್ಪ ಉದಾಸೀನ.

ಮೊದಲ ಅಭ್ಯಾಸ ಒಂದು ಪುಟ್ಟ ಡಬ್ಬಿ. ಪುಟ ತೆರೆದ ಕೂಡಲೇ ಮಧ್ಯದಲ್ಲಿ ಒಂದು ಚೌಕ ಹಾರಿ ಬಂದು ನಮಸ್ಕಾರ ಹೇಳಬೇಕು. ಮಕ್ಕಳೆಲ್ಲ ಒಂದು ಪದದಲ್ಲಿ ಹಲೋ ಎಂದು ಬರೆದು ಮುಗಿಸಿದರು. ನಾನು ಹಾಗೆ ಗಡಿಬಿಡಿಯಲ್ಲಿ ಮಾತಾಡಿಸುವವಳಲ್ಲ. ಬನ್ನಿ, ನಮ್ಮ ಛತ್ರಕ್ಕೆ ತಮಗೆ ಆದರದ ಸ್ವಾಗತ, ತಮ್ಮ ಮನೆಯ ಶುಭಕಾರ್ಯವನ್ನು ಇಲ್ಲಿ ನೆರವೇರಿಸಿ ನಮ್ಮನ್ನು ಸಂತೋಷಪಡಿಸಬೇಕು ಎಂಬಷ್ಟು ಉದ್ದದ ಮಾತನ್ನು ಇಂಗ್ಲಿಷಿನಲ್ಲಿ ಬರೆದೆ. ಮುಂದೆ ಕಲಿಯುವವರಿಗೆ ಮಾದರಿಯಾಗಲಿ ಎಂದು ಹತ್ತೂ ಬೆರಳು ಬಳಸಿ, ಪರದೆಯ ಕಡೆ ನೋಡದೆ ಬರೆದೆ. ಪುಟ ತೆರೆದರೆ ಡಬ್ಬಿಯೂ ಇಲ್ಲ, ಸ್ವಾಗತವೂ ಇಲ್ಲ. ಬ್ರೌಸರಿನ ಕೆಳಗಿನ ಮೂಲೆಯಲ್ಲಿ ಒಂದು ಹಳದಿ ತ್ರಿಕೋನ, ರಸ್ತೆ ಅಗೆದ ಕಡೆ ಇಡುವ ಎಚ್ಚರಿಕೆಯ ಫಲಕದ ಹಾಗೆ. ಅದನ್ನು ಒತ್ತಿದರೆ, ಉಲ್ಲೇಖ ಚಿಹ್ನೆಯೊಳಗೆ ಶುರುವಾದ ಮಾತು ಮುಗಿದೇ ಇಲ್ಲ ಎಂದು ದೂರು.

ನಾನು ಮಾತನ್ನು ಮುಗಿಸಿದ್ದೆ, ಚಿಹ್ನೆಯನ್ನೂ ಹಾಕಿದ್ದೆ. ಮತ್ತೆ ಬರೆದೆ, ಮತ್ತೆ ತ್ರಿಕೋನ. ಮೂರು ಸಲ ಬರೆದ ಮೇಲೆ ಈರಣ್ಣ ಸಾರ್ ಹಿಂದೆ ಬಂದು ನಿಂತರು.

"ಮೇಡಂ, ಈ ಸಾಲಿನ ನಡುವ ಎಂಟರ್ ಯಾಕ ಹೊಡದೀರಿ?"

"ಗಂಟೆ ಹೊಡೀತಲ್ಲ ಸಾರ್."

"ಯಾವ ಗಂಟಿರೀ?"

ಆಗ ನನಗೆ ತಿಳಿಯಿತು, ಆ ಕೋಣೆಯಲ್ಲಿ ಗಂಟೆ ಕೇಳಿಸುತ್ತಿದ್ದದ್ದು ನನ್ನೊಬ್ಬಳಿಗೇ ಎಂದು. ಸಾಲು ಇಷ್ಟುದ್ದ ಆಯಿತೆಂದರೆ ನನ್ನ ಕಿವಿಯೊಳಗೆ ಟಿಂಗ್ ಎನ್ನುತ್ತಿತ್ತು, ಎಡಗೈ ಗಾಳಿಯನ್ನು ತಳ್ಳುತ್ತಿತ್ತು, ಬಲಗೈಯ ಕಿರುಬೆರಳು ತಾನೇ ಹೋಗಿ ಎಂಟರ್ ಹೊಡೆಯುತ್ತಿತ್ತು. ಜಾವಾಸ್ಕ್ರಿಪ್ಟಿಗೋ, ಚಿಹ್ನೆಯೊಳಗಿನ ಮಾತು ಒಂದೇ ಸಾಲಿನಲ್ಲಿ ಶುರುವಾಗಿ ಒಂದೇ ಸಾಲಿನಲ್ಲಿ ಮುಗಿಯಬೇಕು. ನಡುವೆ ಸಾಲು ಮುರಿದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಅಂಚು ದಾಟುವವರನ್ನು ಜೀವನಪೂರ್ತಿ ಬೈದು ತಿದ್ದಿದವಳು ನಾನು. ನನ್ನ ಕೈಯಲ್ಲಿ ಕಲಿತು ಸರ್ಕಾರಿ ಕಚೇರಿ ಸೇರಿದವರು ಈಗಲೂ ಅಂಚು ಮೀರಲಾರರು. ಅಂಥ ನಾನು ಸಾಲನ್ನು ಪರದೆಯಾಚೆ ಓಡಲು ಬಿಟ್ಟು ಸುಮ್ಮನಿರಬೇಕಾಯಿತು. ಸಾಲು ಓಡುತ್ತಿದ್ದರೆ ಮಗು ರಸ್ತೆಗೆ ಓಡಿದಷ್ಟು ಜೀವ ಚಡಪಡಿಸುತ್ತಿತ್ತು. ಕೊನೆಗೆ ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಸೆರಗಿನೊಳಗೆ ಬಂದಿಯಾಗಿಟ್ಟು, ಒಂದೇ ಕೈಯಲ್ಲಿ ಹೊಸದಾಗಿ ಕಲಿಯುವವರ ಹಾಗೆ ಕುಟ್ಟಿ ಆ ಸ್ವಾಗತವನ್ನು ಮುಗಿಸಿದೆ. ಡಬ್ಬಿ ಹಾರಿ ಬಂತು. ಅಕ್ಕಪಕ್ಕದ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿಯೇ ಒಂದು ತೂಕ ಹೆಚ್ಚು.

ಆ ಬಳಿಕ ನಾನು ಕಲಿತದ್ದನ್ನೆಲ್ಲ ಮನೆಯ ಪಾತ್ರೆಪಗಡದ ಲೆಕ್ಕಕ್ಕೆ ತಂದುಕೊಂಡೇ ಕಲಿತೆ. ವೇರಿಯಬಲ್ ಎಂದರೆ ಡಬ್ಬ. ಹೆಸರೊಂದು, ಒಳಗಿರುವುದು ಯಾವಾಗ ಬೇಕಾದರೂ ಇನ್ನೊಂದು ಆಗಬಹುದು. ಇದು ಮಕ್ಕಳಿಗೆ ಒಗಟಾಯಿತು, ನನಗಾಗಲಿಲ್ಲ. ನಮ್ಮ ಮನೆಯಲ್ಲಿ ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರವಿದೆ, ಟೀಪುಡಿಯ ಡಬ್ಬದಲ್ಲಿ ಮೆಂತ್ಯವಿದೆ. ಯಾರೂ ಇದುವರೆಗೆ ದಾರ ಕುದಿಸಿ ಕುಡಿದಿಲ್ಲ. ಇನ್ನು ಮೌಸು ಮೇಲೆ ಹಾದರೆ ಒಂದು ಕೆಲಸ, ಒತ್ತಿದರೆ ಇನ್ನೊಂದು ಕೆಲಸ ಎಂಬ ಪಾಠ. ಅದನ್ನು ಕಲಿಯಲು ಕ್ಲಾಸಿನ ಕಿಟಕಿಯಿಂದ ಕೆಳಗೆ ನೋಡಿದರೆ ಸಾಕಿತ್ತು. ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ನೀವು ಸುಮ್ಮನೆ ನಡೆದು ಹೋದರೆ ಬಟ್ಟೆಯವನು "ಬನ್ನಿ ಅಕ್ಕ, ನೋಡಿ ಅಕ್ಕ" ಎನ್ನುತ್ತಾನೆ. ಅದು ಮೌಸು ಹಾದದ್ದು. ನೀವು ಒಂದು ನೈಟಿಯ ಅಂಚು ಮುಟ್ಟಿದಿರೋ, ಅವನು ಕಟ್ಟನ್ನೆಲ್ಲ ಬಿಚ್ಚಿ ಹರಡುತ್ತಾನೆ. ಅದು ಒತ್ತಿದ್ದು.

ಲೂಪು ಮಾತ್ರ ನನ್ನನ್ನು ಚೆನ್ನಾಗಿ ಆಟವಾಡಿಸಿತು. ಒಂದೇ ಕೆಲಸವನ್ನು ಸಾಕೆನ್ನುವ ತನಕ ಮತ್ತೆ ಮತ್ತೆ ಮಾಡು ಎಂದು ಹೇಳುವುದು ಲೂಪು. ಸಾಕು ಯಾವಾಗ ಎಂದು ನಾವೇ ಹೇಳಬೇಕು. ನಾನು ಹೇಳಲು ಮರೆತೆ. ಸ್ವಾಗತದ ಡಬ್ಬಿ ಬಂತು, ಮುಚ್ಚಿದೆ, ಮತ್ತೆ ಬಂತು. ಅದು ಥೇಟ್ ನಮ್ಮ ದೊಡ್ಡಮ್ಮ ಊರಿಗೆ ಹೊರಟ ಹಾಗಿತ್ತು. ದೊಡ್ಡಮ್ಮ ನಡುಮನೆಯಲ್ಲಿ ಎದ್ದು ನಿಂತು "ಬರ್ತೀನಿ" ಎನ್ನುತ್ತಾರೆ, ಬಾಗಿಲಲ್ಲಿ ನಿಂತು ಇನ್ನೊಮ್ಮೆ, ಗೇಟಿನಲ್ಲಿ ಮತ್ತೊಮ್ಮೆ. ಅಷ್ಟರಲ್ಲಿ ಏನೋ ನೆನಪಾಗಿ ಒಳಗೆ ಬಂದು ಕೂತರೆ ಮೊದಲಿಂದ ಶುರು. ನಾನು ಮುಚ್ಚುತ್ತಲೇ ಇದ್ದೆ, ಡಬ್ಬಿ ಬರುತ್ತಲೇ ಇತ್ತು. ಪುಣ್ಯಕ್ಕೆ ಕರೆಂಟು ಹೋಯಿತು. ಇಡೀ ಜಯನಗರ ಅದನ್ನು ಬೈಯುತ್ತಿದ್ದ ಗಳಿಗೆಯಲ್ಲಿ ನಾನೊಬ್ಬಳು ನೆಮ್ಮದಿಯ ಉಸಿರು ಬಿಟ್ಟೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಈರಣ್ಣ ಸಾರ್ ಒಂದು ದಿನ ಹೇಳಿದ ಮಾತು. ಬಂದವರು ಏನು ಒತ್ತಿದರೆಂದು ನಮಗೆ ಇಲ್ಲಿ ಗೊತ್ತಾಗುತ್ತದೆಯೇ ಎಂದು ನಾನು ಕೇಳಿದ್ದೆ.

"ಇಲ್ಲರೀ ಮೇಡಂ. ಇದು ಕ್ಲೈಂಟ್ ಸೈಡ್. ನಾವು ಬರದು ಕಳಸೂದಷ್ಟ. ಮುಂದಿನ ಕೆಲಸ ಎಲ್ಲಾ ನೋಡೋರ ಮನ್ಯಾಗಿನ ಕಂಪ್ಯೂಟರ್ ಮಾಡ್ತೈತಿ. ಅಲ್ಲಿ ಏನಾತು ಅಂತ ನಮಗ ಸುದ್ದಿ ಬರಂಗಿಲ್ಲ."

ಸಾರಿನ ಪುಡಿ ಮಾಡುವುದು ಹೇಗೆಂದು ನಾದಿನಿಗೆ ಬರೆದು ಕಳಿಸಿದಂತೆ ಎಂದುಕೊಂಡೆ. ಹುರಿಯುವುದು ಅವಳ ಒಲೆ, ಕುಟ್ಟುವುದು ಅವಳ ಕೈ. ಅಲ್ಲಿ ಸಾರು ಘಮಘಮಿಸಿತೋ ಸೀದು ಹೋಯಿತೋ, ಇಲ್ಲಿ ಕೂತ ನಮಗೆ ತಿಳಿಯದು. ನನ್ನ ಟೈಪಿಂಗ್ ಮಕ್ಕಳೂ ಹೀಗೆಯೇ ಅಲ್ಲವೇ ಎಂದೂ ಅನ್ನಿಸಿತು. ಎಷ್ಟೋ ಕಚೇರಿಗಳಲ್ಲಿ ಎಷ್ಟೋ ಬೆರಳುಗಳು ನಾನು ಹೇಳಿಕೊಟ್ಟ ಹಾಗೆ ಓಡುತ್ತಿರಬೇಕು. ಒಂದೂ ನನಗೆ ವರದಿ ಕಳಿಸಿದ್ದಿಲ್ಲ. ಈ ವಿಚಾರದಲ್ಲಿ ಸ್ವಲ್ಪ ಹೊತ್ತು ಮುಳುಗಿದ್ದೆ. ಕೆಳಗಿನಿಂದ ಒಗ್ಗರಣೆಯ ಘಾಟು ಬಂದು ಸೀನು ತರಿಸಿತು.

ಆಯುಧ ಪೂಜೆ ಬಂತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರು ತಂದು ಟೈಪ್‌ರೈಟರುಗಳ ಸಾಲಿನ ಕೊನೆಯಲ್ಲಿ ಇಟ್ಟಿದ್ದೆ. ಛತ್ರದ ಪುಟ ಅದರಲ್ಲಿ ಸಿದ್ಧವಾಗಿತ್ತು: ಮೇಲೆ ಛತ್ರದ ಫೋಟೋ, ಕೆಳಗೆ ಊಟದ ಹಾಲ್, ಅಡುಗೆಮನೆ, ವಧುವಿನ ಕೋಣೆಯ ವಿವರ, ಜಯಮ್ಮನವರ ಫೋನ್ ನಂಬರು. ಎಲ್ಲಕ್ಕಿಂತ ಕೆಳಗೆ ನನ್ನ ಹೆಮ್ಮೆಯ ಕೆಲಸ: ಮದುವೆಯ ದಿನ ಬರೆಯುವುದಕ್ಕೊಂದು ಜಾಗ. ದಿನ ಬರೆದು ಒತ್ತಿದರೆ, ಈ ದಿನವೇ ಖಚಿತವೇ ಎಂದು ಒಂದು ಡಬ್ಬಿ ಹಾರಿ ಬಂದು ಕೇಳುತ್ತದೆ. ಮುನಿರಾಜಪ್ಪನವರು ಶುಭ್ರ ಪಂಚೆ ಉಟ್ಟು ತಮ್ಮನನ್ನೂ ಕರೆದುಕೊಂಡು ಬಂದರು. ಯಂತ್ರಗಳಿಗೆಲ್ಲ ಕುಂಕುಮವಿಟ್ಟು ಚೆಂಡುಹೂವು ಮುಡಿಸಿ ಆಯಿತು. ವಾಹನಗಳಿಗಾದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಕಂಪ್ಯೂಟರಿಗೆ ಎಲ್ಲಿ ಇಡುವುದು ಎಂಬ ಪ್ರಶ್ನೆ ಬಂತು. ಮೌಸಿನ ಹೊಟ್ಟೆಯೊಳಗೆ ಒಂದು ಗುಂಡು ಉರುಳುತ್ತದೆ ಎಂದು ನಾನು ಹೇಳಿದ ಮೇಲೆ, ಹಾಗಾದರೆ ಅದೇ ವಾಹನವೆಂದು ಮುನಿರಾಜಪ್ಪನವರೇ ತೀರ್ಮಾನಿಸಿ ಹಣ್ಣನ್ನು ಅದರ ಮುಂದಿಟ್ಟರು. ಮಂಗಳಾರತಿ ಆಯಿತು, ಕಾಯಿ ಒಡೆದದ್ದೂ ಸರಿಯಾಗಿ ಎರಡು ಹೋಳಾಯಿತು.

ಮುನಿರಾಜಪ್ಪನವರ ತಮ್ಮನ ಮಗಳಿಗೆ ಮಾಘದಲ್ಲಿ ಮದುವೆ ಗೊತ್ತಾಗಿತ್ತು. ಮೊದಲು ಅದೇ ಶುಭದಿನವನ್ನು ಬರೆಯೋಣವೆಂದು ಅವರು ಒಂದೊಂದೇ ಅಂಕಿಯನ್ನು ಹುಡುಕಿ ಒತ್ತಿದರು. ಡಬ್ಬಿ ಹಾರಿ ಬಂತು. ಅದರಲ್ಲಿ ನನ್ನ ಪ್ರಶ್ನೆ, ಪ್ರಶ್ನೆಯ ಕೆಳಗೆ ಎರಡು ಬಟನ್ನು.

"ಇದು ಓಕೆ ಅಂತ ಗೊತ್ತಾಯ್ತು," ಎಂದರು ಮುನಿರಾಜಪ್ಪ. "ಪಕ್ಕದಾಗಿರೋದು ಏನಮ್ಮ?"

"ಅದು... ಕ್ಯಾನ್ಸಲ್ ಅಂತ."

ತಮ್ಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮುನಿರಾಜಪ್ಪನವರು ಮೌಸಿನಿಂದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದರು, ಬಿಸಿ ಪಾತ್ರೆಯಿಂದ ತೆಗೆದ ಹಾಗೆ.

"ಟೀಚರಮ್ಮ, ನೀವೇ ಯೋಚ್ನೆ ಮಾಡಿ. ಹೆಣ್ಮಗು ಮದ್ವೆ ದಿನ ಬರೆದಿದ್ ತಕ್ಷಣ ಪಕ್ಕದಾಗೆ ಕ್ಯಾನ್ಸಲ್ ಅಂತ ಬರೋದಾ? ನಮ್ ಛತ್ರಕ್ಕೆ ಯಾರ್ ಬತ್ತಾರೆ?" ಎಂದರು. ಸಿಟ್ಟಿನಿಂದಲ್ಲ, ಬೇಸರದಿಂದ. "ಅದೊಂದ್ ತೆಗ್ದು ತೋರ್ಸಿ. ಆಮೇಲೆ ರೂಮಿನ್ ಮಾತು."

ಅವರು ಹೋದ ಮೇಲೆ ನಾನು ಕಂಪ್ಯೂಟರಿನ ಮುಂದೆ ಕೂತು ಆ ಪದವನ್ನು ಎವೆಯಿಕ್ಕದೆ ನೋಡಿದೆ. ಕ್ಲಾಸಿನಲ್ಲಿ ಅದನ್ನು ನೂರು ಸಲ ನೋಡಿದ್ದೆ, ಒಂದು ಸಲವೂ ಅಪಶಕುನವೆನ್ನಿಸಿರಲಿಲ್ಲ. ಈಗ ಅರಿಸಿನ ಕುಂಕುಮದ ನಡುವೆ ಅದು ಸೀನಿದ ಹಾಗೆ ಕಂಡಿತು. ಮಾರನೆಯ ಕ್ಲಾಸಿನಲ್ಲಿ ಈರಣ್ಣ ಸಾರಿಗೆ ಹೇಳಿಕೊಂಡೆ. ಅವರು ನಗಲಿಲ್ಲ, ಅವರ ಮನೆಯಲ್ಲೂ ಆ ವರ್ಷ ಅಕ್ಕನ ಮದುವೆ ಇತ್ತು.

"ಅದು ಬ್ರೌಸರ್ ಕೊಡೋ ಡಬ್ಬಿರೀ ಮೇಡಂ. ಪ್ರಶ್ನೆ ಅಷ್ಟ ನಮ್ಮದು, ಉತ್ತರ ಎರಡೂ ಅದರದ್ದ. ಬದಲ್ ಮಾಡಾಕ ಬರಂಗಿಲ್ಲ. ಬ್ಯಾಡಂದ್ರ ನೀವ ಎರಡು ಬಟನ್ ಮಾಡಿ ಪುಟದಾಗ ಇಡ್ರಿ. ಅದರ ಮ್ಯಾಲ ಏನ್ ಬೇಕಾದ್ರೂ ಬರೀಬಹುದು. ಯೆಸ್, ನೋ ಅಂತ ಬರೀರಿ."

ಬಟನ್ನು ಮಾಡುವುದು ಎರಡು ದಿನದಲ್ಲಿ ಬಂತು. ಅದರ ಮೇಲೆ ಏನು ಬರೆಯುವುದೆಂಬುದು ಬರಲಿಲ್ಲ. ಮದುವೆಯ ದಿನದ ಪಕ್ಕದಲ್ಲಿ ನೋ ಎಂದು ಬರೆದರೆ ಕ್ಯಾನ್ಸಲ್ಲೇ ವಾಸಿ. ಆದರೆ ಎರಡನೆಯದು ಇರಲೇಬೇಕು. ಸ್ಕ್ರಿಪ್ಟಿಗೆ ಬೇಕಾದದ್ದು ಹೌದು ಅಥವಾ ಅಲ್ಲ, ಎರಡರಲ್ಲಿ ಒಂದು. ಮಧ್ಯದ ಜಾಗ ಅದಕ್ಕೆ ಗೊತ್ತಿಲ್ಲ. ನಾವು ಬದುಕುವುದೇ ಮಧ್ಯದ ಜಾಗದಲ್ಲಿ. ನಮ್ಮ ಮನೆಯವರನ್ನು ಕಾಫಿ ಬೇಕೇ ಎಂದು ಕೇಳಿ ನೋಡಿ. ಬೇಕು ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ. "ನೀನು ಮಾಡ್ಕೊಳ್ತೀಯಾ ಅಂದ್ರೆ ನಂಗೂ ಒಂದ್ ತೊಟ್ಟು" ಎನ್ನುತ್ತಾರೆ. ಇಷ್ಟು ವರ್ಷದ ಸಂಸಾರದಲ್ಲಿ ಅವರು ಒಂದು ಸಲವೂ ಸ್ಪಷ್ಟವಾಗಿ ಕಾಫಿ ಕೇಳಿದ್ದಿಲ್ಲ, ಒಂದು ಸಲವೂ ಕುಡಿಯದೆ ಬಿಟ್ಟಿದ್ದಿಲ್ಲ. ನೆಂಟರನ್ನು ಊಟಕ್ಕೆ ಕರೆದರೆ ನೋಡೋಣ ಎನ್ನುತ್ತಾರೆ. ಚಂದಾ ಕೇಳಲು ಬಂದವರಿಗೆ ಆ ಕಡೆ ಹೋಗಿ ಬನ್ನಿ ಎನ್ನುತ್ತೇವೆ. ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಡುವವರೇ. ಆದರೂ ಊಟಕ್ಕೆ ಎಷ್ಟು ಎಲೆ ಹಾಕಬೇಕೆಂಬುದು ನಮಗೆ ಸರಿಯಾಗಿಯೇ ತಿಳಿದಿರುತ್ತದೆ.

ಹಾಗಾದರೆ ಛತ್ರ ನೋಡಲು ಬಂದವರು, ಇಷ್ಟವಾಗದಿದ್ದರೆ, ನಿಜವಾಗಿ ಏನು ಹೇಳುತ್ತಾರೆ? ನನ್ನ ತಂಗಿಯ ಮದುವೆಗೆ ಛತ್ರ ಹುಡುಕಲು ತಿರುಗಿದ ದಿನಗಳನ್ನು ನೆನೆಸಿಕೊಂಡೆ. ನಮ್ಮಪ್ಪ ಅಡುಗೆಮನೆ ನೋಡಿ, ನಲ್ಲಿ ತಿರುಗಿಸಿ ನೋಡಿ, ಸೀಲಿಂಗ್ ನೋಡಿ, ಮನಸ್ಸಿಗೆ ಬಾರದಿದ್ದರೆ ಕೈಮುಗಿದು ಒಂದೇ ಮಾತು ಹೇಳುತ್ತಿದ್ದರು. ಛತ್ರದವರಿಗೂ ಬೇಸರವಾಗುತ್ತಿರಲಿಲ್ಲ, ನಮಗೂ ಮುಜುಗರವಾಗುತ್ತಿರಲಿಲ್ಲ.

ಕನ್ನಡದ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುವ ಕಾಲ ಅದಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡವನ್ನು ಬರೆದೆ. ಮೊದಲ ಬಟನ್ನಿನ ಮೇಲೆ "ಹೂಂ, ಆಗಬಹುದು." ಎರಡನೆಯದರ ಮೇಲೆ "ಮನೇಲಿ ಕೇಳಿ ಹೇಳ್ತೀವಿ." ಮೊದಲನೆಯದನ್ನು ಒತ್ತಿದರೆ, ಶುಭವಾಗಲಿ, ದಯವಿಟ್ಟು ಫೋನ್ ಮಾಡಿ ಎಂದು ಬರುತ್ತದೆ. ಎರಡನೆಯದನ್ನು ಒತ್ತಿದರೆ, ಆಗಲಿ, ನಿಧಾನವಾಗಿ ಕೇಳಿ ಹೇಳಿ ಎಂದು ಬರುತ್ತದೆ. ಸ್ಕ್ರಿಪ್ಟಿನ ಒಳಗೆ ಮಾತ್ರ ಈ ಎರಡನೆಯದಕ್ಕೆ 'ಅಲ್ಲ' ಎಂದೇ ಬರೆದಿರುತ್ತದೆ. ಒಳಗಿನದು ಒಳಗೇ ಇರಲಿ, ಬಂದವರಿಗೆ ಕಾಣುವುದಿಲ್ಲ.

ಮುನಿರಾಜಪ್ಪನವರು ಈ ಸಲ ಒಬ್ಬರೇ ಬಂದರು. ಮೊದಲನೆಯದನ್ನು ಒತ್ತಿ ತಲೆದೂಗಿದರು. ಎರಡನೆಯದನ್ನು ನಾನು ಓದಿ ಹೇಳಿದಾಗ ಗಟ್ಟಿಯಾಗಿ ನಕ್ಕರು. ಛತ್ರ ಕಟ್ಟಿಸಿದಂದಿನಿಂದ ಆ ಮಾತು ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತಂತೆ. ಎಷ್ಟು ಸಲ ಒತ್ತಿದರೋ. ಒತ್ತಿದ್ದು ನಮಗೆ ಗೊತ್ತಾಗುತ್ತದೆಯೇ ಎಂದು ಅವರೂ ಕೇಳಿದರು. ಇಲ್ಲ, ಒತ್ತಿದವರ ಮನೆಯಲ್ಲಿ ಆದದ್ದು ಅವರ ಮನೆಯಲ್ಲೇ ಉಳಿಯುತ್ತದೆ ಎಂದೆ. "ಅದೇ ವಾಸಿ ಬುಡಿ," ಎಂದರು. ನಾನು ಇದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಕೇಳಿಯೇ ಬಿಟ್ಟೆ.

"ಹಾಗಾದ್ರೆ ರೂಮಿನ ವಿಷಯ ಮುನಿರಾಜಪ್ಪನೋರೇ?"

ಅವರು ಎದ್ದು, ಪಂಚೆಯ ಚುಂಗು ಹಿಡಿದು, ಬಾಗಿಲ ಕಡೆ ನೋಡುತ್ತ ಹೇಳಿದರು. "ಮನೇಲಿ ಒಂದ್ ಮಾತು ಕೇಳಿ ಹೇಳ್ತೀನಿ ಟೀಚರಮ್ಮ."

ಆ ಮಾತಿನ ಒಳಗೆ ಏನು ಬರೆದಿರುತ್ತದೆಂದು ಈ ಬೆಂಗಳೂರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಆಗ ಇನ್ನಾರೂ ಇರಲಿಲ್ಲ, ಬರೆದವಳೇ ನಾನು. ಅವರ ಮೇಲೆ ಸಿಟ್ಟೂ ಬರಲಿಲ್ಲ. ಮುಖದ ಮೇಲೆ ಹೊಡೆದಂತೆ ಇಲ್ಲ ಎನ್ನಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾಗಲಿಲ್ಲ. ದೀಪಾವಳಿ ಕಳೆಯಿತು, ಅವರು ಮೆಟ್ಟಿಲು ಹತ್ತಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಳೆಯ ವಿಷಯ ಮಾತಾಡಿದರು, ನಾನೂ ಮಳೆಯ ವಿಷಯವೇ ಮಾತಾಡಿದೆ. ಒಂದು ಭಾನುವಾರ ಸುಬ್ರಹ್ಮಣ್ಯಪುರದ ಕಡೆ ಹೋಗಿ ಒಂದು ಕೋಣೆ ನೋಡಿ ಬಂದೆ. ಅದಕ್ಕೆ ಕಿಟಕಿಯೇ ಇರಲಿಲ್ಲ. ಮನೇಲಿ ಕೇಳಿ ಹೇಳ್ತೀನಿ ಎಂದು ಅಲ್ಲಿಯವರಿಗೆ ಹೇಳಿ ಕೈಮುಗಿದು ಬಂದೆ. ಟೈಪ್‌ರೈಟರುಗಳಿಗೆ ಮುಸುಕು ಹೊದಿಸಿ, ಮೇಲೆ ದಾರ ಕಟ್ಟಲು ಶುರು ಮಾಡಿದೆ.

ಅರ್ಧ ಕಟ್ಟಿದ್ದೆ. ಬಾಗಿಲಲ್ಲಿ ಏದುಸಿರು ಕೇಳಿಸಿತು. ನೋಡಿದರೆ ಜಯಮ್ಮನವರು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಅವರೆಕಾಯಿಯ ಚೀಲ ಹಿಡಿದು ನಿಂತಿದ್ದರು. ಅವರು ಆ ಮಹಡಿಗೆ ಬಂದದ್ದು ಅದೇ ಮೊದಲು. ಚೀಲವನ್ನು ನನ್ನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತರು.

"ಕಂಪ್ಯೂಟರ್ ಕ್ಲಾಸು ಯಾವಾಗಿಂದ ಟೀಚರಮ್ಮ? ನಮ್ ಸೊಸೆ ದಿನಾ ಕೇಳ್ತಾವ್ಳೆ. ಇದ್ಯಾಕೆ, ಮಿಷನ್ಗೆಲ್ಲ ದಾರ ಕಟ್ತಿದೀರಾ?"

"ರೂಮು ಬಿಡ್ಬೇಕಲ್ಲ ಜಯಮ್ಮನೋರೇ," ಎಂದೆ.

ಅವರು ಪಕ್ಕದ ಯಂತ್ರದ ದಾರವನ್ನು ಎಳೆದು ಸಡಿಲಿಸಿದರು. "ಯಾರಂದ್ರು? ಇವ್ರು ಅವತ್ತೇ ಬಂದು ಕೇಳಿದ್ರು. ಆ ಬಟನ್ ವಿಷ್ಯಾನೂ ಹೇಳಿದ್ರು, ಉಂಡಿದ್ದು ನೆತ್ತಿಗೇರೋವಂಗೆ ನಗ್ಸಿದ್ರು. ಟೀಚರಮ್ಮನೇ ಇರ್ಲಿ ಅಂತ ಅವತ್ತೇ ಅಂದೆ, ಸೈಬರ್ನೋರ್ಗೂ ಹೇಳ್ ಕಳ್ಸಿದ್ವಿ. ನಿಮಗೇಳಿಲ್ವಾ?"

ಅವರೆಕಾಯಿಯ ಚೀಲವನ್ನು ತಬ್ಬಿಕೊಂಡು ನಿಂತೇ ಇದ್ದೆ. ಕಣ್ಣು ಒದ್ದೆಯಾಯಿತು, ಅದರ ಹಿಂದೆಯೇ ನಗು ಬಂತು. ತೀರ್ಮಾನವೆಲ್ಲ ಆ ಮನೆಯೊಳಗೆ ಅವತ್ತೇ, ನನ್ನ ಪರವಾಗಿಯೇ, ಸರಿಯಾಗಿ ಆಗಿಹೋಗಿತ್ತು. ಈ ಕಡೆಗೆ ಸುದ್ದಿ ಬಂದಿರಲಿಲ್ಲ, ಅಷ್ಟೆ. ಇಷ್ಟು ದಿನ ಗಂಡಸರ ಮಾತಿನ ಒಳಾರ್ಥ ನನಗೆ ಗೊತ್ತೆಂದು ಬೀಗುತ್ತಿದ್ದೆ. ಮನೇಲಿ ಕೇಳಿ ಹೇಳ್ತೀವಿ ಎನ್ನುವವರಲ್ಲಿ ಕೆಲವರು ನಿಜವಾಗಿಯೂ ಮನೆಗೆ ಹೋಗಿ ಕೇಳುತ್ತಾರೆ. ಹೇಳುವುದನ್ನು ಮಾತ್ರ ಮರೆಯುತ್ತಾರೆ.